ಐರನ್ ಮೇಡನ್‌ನ ಮೊದಲ ಶೋಗಳ ಕಥೆ ಹೇಳುವ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಒಂದಿಷ್ಟು ರಾಕ್ ಕೇಳುಗರು ಆಗಾಗ ಒಟ್ಟಿಗೆ ಕೂರುತ್ತೇವೆ. ಲಂಡನ್ನಿನ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ದೊಡ್ಡದಾಗುವ ಮುಂಚೆ ಆಡಿದ ಶೋಗಳ ಕಥೆ ಹೇಳಿಕೊಳ್ಳುತ್ತೇವೆ, ಕೇಳಿಸಿಕೊಳ್ಳುತ್ತೇವೆ. ಹೊಸಬರು ಬಂದಾಗೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಬರೆದಿಟ್ಟಿದ್ದೇನೆ.

ಎಲ್ಲಿ ಸೇರುತ್ತೀರಿ? ಸದಸ್ಯತ್ವ ಏನಾದರೂ ಇದೆಯಾ?

ಸದಸ್ಯತ್ವ ಇಲ್ಲ, ಹಣ ಇಲ್ಲ. ಕಾರವಾರದಲ್ಲಾದರೆ ಸಂಜೆ ಟ್ಯಾಗೋರ್ ಕಡಲತೀರದಲ್ಲಿ. ಶಿರಸಿಯಲ್ಲಾದರೆ ಯಾರದಾದರೂ ಮನೆಯ ಜಗಲಿಯಲ್ಲಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಶಿರಸಿಯವರಿಗೆ ಪುರುಸೊತ್ತು ಇರುವುದಿಲ್ಲ. ಆಗ ಕೂಟ ಕರಾವಳಿಯಲ್ಲೇ ನಡೆಯುತ್ತದೆ.

ಕಾರವಾರದವರಿಗೂ ಲಂಡನ್ನಿನ ಪಬ್ಬಿನಲ್ಲಿ ನಡೆದ ಶೋಗೂ ಏನು ಸಂಬಂಧ?

ಈ ಪ್ರಶ್ನೆಯನ್ನು ಮನೆಯವರೂ ಕೇಳುತ್ತಾರೆ. ನಮ್ಮಲ್ಲಿ ಜಾಸ್ತಿ ಜನ ಈ ಬ್ಯಾಂಡನ್ನು ಮೊದಲು ಕೇಳಿದ್ದು ಕ್ಯಾಸೆಟ್‌ನಲ್ಲಿ. ಮಡಗಾಂವ್‌ನಿಂದ ಯಾರೋ ತಂದದ್ದು, ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ಕೊಟ್ಟದ್ದು, ಹಾಸ್ಟೆಲ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಬಂದದ್ದು. ಆ ಸದ್ದು ಬಂದದ್ದು ಎಲ್ಲಿಂದ ಅಂತ ತಿಳಿಯುವ ಆಸೆ ಅಲ್ಲಿಂದಲೇ ಹುಟ್ಟಿತು.

ಹುಡುಕುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಮೊದಲ ಆಲ್ಬಮ್ ಹೊರಬಂದದ್ದು 1980ರ ಏಪ್ರಿಲ್‌ನಲ್ಲಿ. ಆದರೆ ಬ್ಯಾಂಡು ಹುಟ್ಟಿದ್ದು 1975ರ ಕ್ರಿಸ್‌ಮಸ್ ದಿನ. ನಡುವಿನ ನಾಲ್ಕು ವರ್ಷಕ್ಕೂ ಮಿಕ್ಕ ಕಾಲ ಅವರನ್ನು ಉಳಿಸಿದ್ದು ಅಂಗಡಿಯಲ್ಲಿ ಮಾರುವ ರೆಕಾರ್ಡ್ ಅಲ್ಲ, ಎದುರು ನಿಂತ ಜನ. ಬ್ಯಾಂಡಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಆಲ್ಬಮ್‌ಗಳ ಲೆಕ್ಕ ಬರೆಯುತ್ತಾರೆ. ನನ್ನ ಮಟ್ಟಿಗೆ ಈ ಬ್ಯಾಂಡಿನ ಇತಿಹಾಸ ಆ ಜನರ ನೆನಪಿನಲ್ಲೇ ಶುರುವಾಗುತ್ತದೆ. ಅದಕ್ಕೇ ಈ ಕೂಟ.

'ಮೊದಲ ಶೋಗಳು' ಅಂದರೆ ಯಾವ ವರ್ಷದವರೆಗೆ?

1976ರಿಂದ 1981ರವರೆಗೆ. 1981ರ ಅಕ್ಟೋಬರ್ 26ರಂದು ಇಟಲಿಯ ಬೊಲೊನ್ಯಾದಲ್ಲಿ ಹೊಸ ಗಾಯಕ ಬ್ರೂಸ್ ಡಿಕಿನ್ಸನ್ ಮೊದಲ ಬಾರಿಗೆ ಈ ಬ್ಯಾಂಡಿನ ಜೊತೆ ಹಾಡಿದರು. ಅಲ್ಲಿಂದ ಬೇರೆಯದೇ ಕಥೆ. ಆದರೆ ಯಾರಾದರೂ 1982ರ ಮಾತು ತೆಗೆದರೆ ನಿಲ್ಲಿಸುವುದಿಲ್ಲ.

ಮೊಟ್ಟಮೊದಲ ಶೋ ಎಲ್ಲಿ ನಡೆಯಿತು?

1976ರ ಮೇ 1ರಂದು, ಪೂರ್ವ ಲಂಡನ್ನಿನ ಪಾಪ್ಲರ್‌ನಲ್ಲಿರುವ ಸೇಂಟ್ ನಿಕೋಲಸ್ ಹಾಲ್‌ನಲ್ಲಿ. ಆಗಿನ ಬ್ಯಾಂಡಿನಲ್ಲಿ ಇವತ್ತಿಗೂ ಇರುವವರು ಒಬ್ಬರೇ, ಬಾಸ್ ಗಿಟಾರಿನ ಸ್ಟೀವ್ ಹ್ಯಾರಿಸ್. ಹಾಡುತ್ತಿದ್ದವರು ಪಾಲ್ ಡೇ. ಗಿಟಾರಿಸ್ಟ್ ಡೇವ್ ಮರ್ರೆ ಇನ್ನೂ ಬಂದಿರಲಿಲ್ಲ.

ಆಮೇಲೆ ಸ್ಟ್ರ್ಯಾಟ್‌ಫರ್ಡ್ ಹತ್ತಿರದ ಮೇರಿಲ್ಯಾಂಡ್‌ನಲ್ಲಿ 'ಕಾರ್ಟ್ ಅಂಡ್ ಹಾರ್ಸಸ್' ಎಂಬ ಪಬ್ಬಿನಲ್ಲಿ ಮೇಲಿಂದ ಮೇಲೆ ಆಡತೊಡಗಿದರು. ಆ ಪಬ್ಬು ಈಗಲೂ ತನ್ನನ್ನು ಐರನ್ ಮೇಡನ್ ಹುಟ್ಟಿದ ಜಾಗ ಅಂತಲೇ ಕರೆದುಕೊಳ್ಳುತ್ತದೆ. ಹಾಗೆ ಹೇಳಿಕೊಳ್ಳಲು ಅದಕ್ಕೆ ಪೂರಾ ಹಕ್ಕಿದೆ ಅಂತ ನನಗನಿಸುತ್ತದೆ. ಈಸ್ಟ್ ಹ್ಯಾಮ್‌ನ 'ರಸ್ಕಿನ್ ಆರ್ಮ್ಸ್' ಇನ್ನೊಂದು ಮುಖ್ಯ ಜಾಗ. ಈ ಮೂರು ಹೆಸರು ಗೊತ್ತಿದ್ದರೆ ಸಾಕು, ನಮ್ಮ ಮಾತಿನ ಅರ್ಧ ಭಾಗ ಅರ್ಥವಾಗುತ್ತದೆ.

ಆ ಕಾಲದಲ್ಲಿ ಬ್ಯಾಂಡಿನಲ್ಲಿ ಯಾರ್ಯಾರಿದ್ದರು? ಪಟ್ಟಿ ನೆನಪಿಡಲು ಆಗುತ್ತಿಲ್ಲ.

ನೆನಪಿಡುವುದು ಕಷ್ಟವೇ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಪಾಲ್ ಡೇ ಹೋದಮೇಲೆ ಡೆನಿಸ್ ವಿಲ್ಕಾಕ್ ಬಂದರು. ಅವರಿಗೆ ಕಿಸ್ ಬ್ಯಾಂಡಿನ ಹುಚ್ಚು. ಮುಖಕ್ಕೆ ಬಣ್ಣ, ವೇದಿಕೆ ಮೇಲೆ ಬೆಂಕಿ, ಸುಳ್ಳು ರಕ್ತ ಎಲ್ಲ ತಂದರು. ತಮ್ಮ ಗೆಳೆಯ ಡೇವ್ ಮರ್ರೆಯನ್ನು ಕರೆತಂದವರೂ ಅವರೇ. ಇದ್ದ ಇಬ್ಬರು ಗಿಟಾರಿಸ್ಟ್‌ಗಳಿಗೆ ಅದು ಹಿಡಿಸಲಿಲ್ಲ. 1976ರ ಕೊನೆಗೆ ಹ್ಯಾರಿಸ್ ಬ್ಯಾಂಡನ್ನೇ ಬಿಚ್ಚಿ ಮತ್ತೆ ಕಟ್ಟಿದರು. 1977ರಲ್ಲಿ ಮರ್ರೆ ಕೂಡ ಹೊರಗೆ ಹೋಗಿ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಇದ್ದ ಅರ್ಚಿನ್ ಬ್ಯಾಂಡ್ ಸೇರಿದರು. 1978ರಲ್ಲಿ ವಾಪಸ್ ಬಂದರು. ಅದೇ ವರ್ಷದ ಕೊನೆಗೆ ಪಾಲ್ ಡಿಯಾನೋ ಗಾಯಕರಾದರು. ಸ್ಮಿತ್ ಈ ಬ್ಯಾಂಡಿಗೆ ಬಂದದ್ದು 1980ರಲ್ಲಿ.

ಇಷ್ಟು ಜನ ಬದಲಾದರೂ ಶೋ ನಿಲ್ಲಲಿಲ್ಲ. ಒಂದು ಹಳೆಯ ವಾಹನಕ್ಕೆ 'ಗ್ರೀನ್ ಗಾಡೆಸ್' ಅಂತ ಹೆಸರಿಟ್ಟು, ಅದರಲ್ಲೇ ಸಾಮಾನು ತುಂಬಿ, ಅದರಲ್ಲೇ ಮಲಗಿ ಊರೂರು ಸುತ್ತಿದರು.

ಮುಖವಾಡದ ಬಾಯಿಂದ ರಕ್ತ ಚಿಮ್ಮುತ್ತಿತ್ತಂತೆ. ನಿಜವಾ?

ನಿಜ. ಎಲ್ಲರಿಗೂ ಇಷ್ಟವಾದ ಕಥೆಯೂ ಇದೇ.

ಬ್ಯಾಂಡಿನ ಗುರುತಾಗಿರುವ ಬೊಂಬೆಯ ಹೆಸರು ಎಡ್ಡಿ. ಇವತ್ತು ಎಡ್ಡಿ ಅಂದರೆ ಡೆರೆಕ್ ರಿಗ್ಸ್ ಬಿಡಿಸಿದ ಆಲ್ಬಮ್ ಚಿತ್ರ, ವೇದಿಕೆ ಮೇಲೆ ನಡೆದು ಬರುವ ದೈತ್ಯ. ಆದರೆ ಮೊದಲು ಅದು ಬರೀ ಒಂದು ಮುಖ. ಡ್ರಮ್ಸ್ ಹಿಂದೆ ಬ್ಯಾಂಡಿನ ಹೆಸರಿನ ಫಲಕ, ಅದರ ಜೊತೆ ಒಂದು ಮುಖವಾಡ, ಸುತ್ತ ಲೈಟು. ಶೋದ ಕೊನೆಗೆ ಬ್ಯಾಂಡಿನ ಹೆಸರಿನದೇ ಹಾಡು ಬಂದಾಗ ಆ ಮುಖದ ಬಾಯಿಂದ ಸುಳ್ಳು ರಕ್ತ ಚಿಮ್ಮುತ್ತಿತ್ತು. ಅದಕ್ಕೆ ಬಳಸಿದ್ದು ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪು. ರಕ್ತ ಬೀಳುತ್ತಿದ್ದದ್ದು ನೇರವಾಗಿ ಡ್ರಮ್ಮರ್ ಡಗ್ ಸ್ಯಾಂಪ್ಸನ್ ಮೇಲೆ! ಆಮೇಲೆ ಲೈಟಿನ ಕೆಲಸ ನೋಡುತ್ತಿದ್ದ ಡೇವ್ ಬೀಸ್ಲಿ ಫೈಬರ್‌ಗ್ಲಾಸ್‌ನಲ್ಲಿ ದೊಡ್ಡ ಮುಖ ಮಾಡಿದರು. ಅದರ ಕಣ್ಣು ಮಿನುಗುತ್ತಿತ್ತು, ಬಾಯಿಂದ ಕೆಂಪು ಹೊಗೆ ಬರುತ್ತಿತ್ತು.

ಈ ಕಥೆ ಕೇಳಿದಾಗ ನಮ್ಮ ಕಡೆಯವರಿಗೆ ವಿವರಣೆ ಬೇಕಾಗುವುದಿಲ್ಲ. ಬಯಲಾಟದಲ್ಲಿ ನಡುರಾತ್ರಿ ದಾಟಿದ ಮೇಲೆ ರಾಕ್ಷಸ ವೇಷ ಬರುವಾಗ ದೀವಟಿಗೆ, ರಾಳದ ಪುಡಿಯ ಬೆಂಕಿ, ಚಂಡೆಯ ಅಬ್ಬರ ಎಲ್ಲ ಒಟ್ಟಿಗೆ ಏರುತ್ತದೆ ಅಲ್ವಾ? ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. ಕೈಯಲ್ಲಿ ಕಾಸಿಲ್ಲದ ಹುಡುಗರು ಪಬ್ಬಿನ ಮೂಲೆಯಲ್ಲಿ ಅದೇ ಕೆಲಸವನ್ನು ಮೀನಿನ ತೊಟ್ಟಿಯ ಪಂಪಿನಿಂದ ಮಾಡಿಸಿದರು. ವೇದಿಕೆ ಚಿಕ್ಕದಿದ್ದರೂ ನೋಡಲು ಬಂದವರಿಗೆ ದೊಡ್ಡ ಆಟ ತೋರಿಸಬೇಕು ಅಂತ ಅವರಿಗೆ ಮೊದಲಿನಿಂದಲೇ ಇತ್ತು. ಈ ಬ್ಯಾಂಡಿನ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಅದೇ.

'ಸೌಂಡ್‌ಹೌಸ್ ಟೇಪ್ಸ್' ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಲೈವ್ ರೆಕಾರ್ಡಿಂಗಾ?

ಅಲ್ಲ. ಸ್ಟುಡಿಯೋದಲ್ಲಿ ಮಾಡಿದ್ದು. ಆದರೂ ಲೈವ್ ಶೋಗಳ ಕಥೆಯಲ್ಲಿ ಅದಕ್ಕೆ ದೊಡ್ಡ ಜಾಗ ಇದೆ.

1978ರ ಡಿಸೆಂಬರ್ 30 ಮತ್ತು 31ರಂದು ಕೇಂಬ್ರಿಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಹೊಸ ವರ್ಷದ ಹಿಂದಿನ ದಿನ, ಬೇರೆಯವರೆಲ್ಲ ಹಬ್ಬದಲ್ಲಿದ್ದಾಗ. ಮಾಸ್ಟರ್ ಟೇಪ್ ಬಿಡಿಸಿಕೊಳ್ಳಲು ಹಣ ಸಾಲಲಿಲ್ಲ. ಕೆಲವು ವಾರ ಬಿಟ್ಟು ಹಣ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಅದರ ಮೇಲಿದ್ದದ್ದು ಅಳಿಸಿ ಹೋಗಿತ್ತು. ಹಾಗಾಗಿ ಹಾಡುಗಳನ್ನು ಮತ್ತೆ ತಿದ್ದಿ ಚಂದ ಮಾಡುವ ದಾರಿ ಉಳಿಯಲಿಲ್ಲ. ಕೈಯಲ್ಲಿದ್ದ ಪ್ರತಿಯೇ ಗತಿ.

ಆ ಪ್ರತಿಯನ್ನು ನೀಲ್ ಕೇ ಎಂಬ ಡಿಜೆಗೆ ಕೊಟ್ಟರು. ಅವರು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ 'ಸೌಂಡ್‌ಹೌಸ್' ಅಂತ ಹೆವಿ ಮೆಟಲ್ ರಾತ್ರಿಗಳನ್ನು ನಡೆಸುತ್ತಿದ್ದರು. ಅಲ್ಲಿಗೆ ಬರುವ ಜನ ಕೇಳಿದ ಹಾಡುಗಳ ಪಟ್ಟಿ 'ಸೌಂಡ್ಸ್' ಎಂಬ ಸಂಗೀತ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ರೆಕಾರ್ಡೇ ಹೊರಬರದ ಬ್ಯಾಂಡಿನ ಹಾಡು ಆ ಪಟ್ಟಿಯ ತುದಿಗೆ ಏರಿತು. ಶೋಗೆ ಬಂದವರೆಲ್ಲ ಟೇಪ್ ಕೊಡಿ ಅಂತ ದುಂಬಾಲು ಬಿದ್ದರು. ಕೊನೆಗೆ 1979ರ ನವೆಂಬರ್‌ನಲ್ಲಿ ಅದರಿಂದ ಮೂರು ಹಾಡು ಆಯ್ದು, 'ಸೌಂಡ್‌ಹೌಸ್ ಟೇಪ್ಸ್' ಅಂತ ಹೆಸರಿಟ್ಟು, 5000 ಪ್ರತಿ ಮಾಡಿಸಿ, ಅಂಚೆಯಲ್ಲಿ ಮಾರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ಜೊತೆ ಒಪ್ಪಂದವಾಯಿತು.

ಕೇಳುಗರೇ ಕೇಳಿ ಕೇಳಿ ಹೊರಡಿಸಿದ ರೆಕಾರ್ಡು ಅದು. ನಮ್ಮಲ್ಲಿ ಮೂಲ ಪ್ರತಿ ಯಾರ ಹತ್ತಿರವೂ ಇಲ್ಲ. ಇದ್ದವರು ದಯವಿಟ್ಟು ಬನ್ನಿ, ಸುಮ್ನೆ ಕೈಯಲ್ಲಿ ಹಿಡಿದು ನೋಡಿದರೂ ಸಾಕು.

ಆ ಶೋಗಳನ್ನು ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದಾರಾ?

1976ರಿಂದ 81ರ ಶೋ ನೋಡಿದವರು ಇಲ್ಲ. ನಾವು ಹೇಳಿಕೊಳ್ಳುವುದು ಅಲ್ಲಿದ್ದವರು ಸಂದರ್ಶನಗಳಲ್ಲಿ, ನೆನಪುಗಳಲ್ಲಿ ಹೇಳಿದ್ದನ್ನು. ಜೊತೆಗೆ ನಾವೇ ನೋಡಿದ ಶೋಗಳ ಕಥೆಯೂ ಬರುತ್ತದೆ.

ನಾನು ಯಾವ ಶೋನೂ ನೋಡಿಲ್ಲ. ಬರಬಹುದಾ?

ಖಂಡಿತ ಬನ್ನಿ. ಹೇಳುವವರಿಗಿಂತ ಕೇಳುವವರೇ ನಮಗೆ ಮುಖ್ಯ.

ಬೆಂಗಳೂರಿನ 2007ರ ಶೋ ಬಗ್ಗೆ ಇಷ್ಟು ಮಾತು ಯಾಕೆ? ಅದು ಮೊದಲ ದಿನಗಳದ್ದಲ್ಲವಲ್ಲ?

ಬ್ಯಾಂಡಿಗೆ ಅಲ್ಲ, ನಮಗೆ ಅದೇ ಮೊದಲು. 2007ರ ಮಾರ್ಚ್ 17, ಅರಮನೆ ಮೈದಾನ. ಐರನ್ ಮೇಡನ್ ಭಾರತದಲ್ಲಿ ಆಡಿದ ಮೊದಲ ಶೋ. ದೇಶದ ಮೂಲೆಮೂಲೆಯಿಂದ ಜನ ಬಂದಿದ್ದರು. ನಮ್ಮ ಜಿಲ್ಲೆಯಿಂದ ಹೋದವರು ರಾತ್ರಿ ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ದಾಟಿ ಹೋದರು. ಮನೆಯಲ್ಲಿ ನಿಜ ಹೇಳಿ ಹೋದವರು ಕಡಿಮೆ.

ಅಂದು ಮೊದಲು ಆಡಿದ್ದು ದೆಹಲಿಯ ಪರಿಕ್ರಮ ಬ್ಯಾಂಡು ಮತ್ತು ಲಾರೆನ್ ಹ್ಯಾರಿಸ್. ಲಾರೆನ್ ಅಂದರೆ ಸ್ಟೀವ್ ಹ್ಯಾರಿಸ್ ಅವರ ಮಗಳು. ಮಗಳು ಹಾಡಿ ಇಳಿದ ವೇದಿಕೆಗೆ ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಬಾಸ್ ಹಿಡಿದು ಬಂದರು. ಪಾಪ್ಲರ್‌ನ ಹಾಲ್‌ನಲ್ಲಿ ಇಪ್ಪತ್ತರ ಹುಡುಗನಾಗಿ ನಿಂತಿದ್ದವರು ಅವರು. ನಡುವೆ ಸುಮಾರು 31 ವರ್ಷ ಕಳೆದಿತ್ತು. ಇದನ್ನು ನೆನೆದಾಗ ನಮ್ಮಲ್ಲಿ ಕೆಲವರಿಗೆ ಈಗಲೂ ಗಂಟಲು ಕಟ್ಟುತ್ತದೆ.

ಆಮೇಲೆ 2008ರ ಫೆಬ್ರುವರಿ 1ರಂದು ಮುಂಬೈಯಲ್ಲಿ ಆಡಿದರು. 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದರು. ಆ ಶೋಗಳ ಕಥೆಗೂ ಸ್ವಾಗತ. ಆದರೆ 2007ರಷ್ಟು ಉದ್ದದ ಕಥೆ ಯಾವುದಕ್ಕೂ ಇಲ್ಲ.

ಕಥೆ ಹೇಳಲು ಏನಾದರೂ ನಿಯಮ ಇದೆಯಾ?

ನಿಯಮ ಅನ್ನುವುದಕ್ಕಿಂತ ಒಂದು ಕೋರಿಕೆ. ಕಥೆ ಶುರು ಮಾಡುವ ಮೊದಲು ವರ್ಷ ಹೇಳಿ, ಜಾಗ ಹೇಳಿ, ನೀವು ಎಲ್ಲಿ ನಿಂತಿದ್ದಿರಿ ಅಂತ ಹೇಳಿ. ಮುಂದಿನ ಬೇಲಿ ಹತ್ತಿರ ನಿಂತವರು ಕಂಡದ್ದು ಬೇರೆ, ಹಿಂದೆ ಚಹಾ ಅಂಗಡಿ ಹತ್ತಿರ ನಿಂತವರು ಕಂಡದ್ದು ಬೇರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀವೇ ಕಂಡದ್ದಾ, ಬೇರೆಯವರಿಂದ ಕೇಳಿದ್ದಾ, ಅದನ್ನೂ ಹೇಳಿಬಿಡಿ. ಕೇಳಿದ್ದಾದರೆ ಯಾರಿಂದ ಅಂತ ಹೇಳಿ.

ಇದನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡದ್ದಕ್ಕೆ ಕಾರಣ ಇದೆ. ಪಬ್ಬಿನ ಆ ಶೋಗಳ ಕಾಲದಲ್ಲಿ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ. ಹೆಚ್ಚಿನ ರಾತ್ರಿಗಳಿಗೆ ಸಾಕ್ಷಿ ಅಂದರೆ ಅಲ್ಲಿದ್ದ ಜನರ ನೆನಪು ಮಾತ್ರ. ಬಾಯಿಂದ ಬಾಯಿಗೆ ಹೋಗುವಾಗ ಪ್ರತಿಯೊಬ್ಬರೂ ಸ್ವಲ್ಪ ಉಪ್ಪು ಖಾರ ಹಾಕಿದರೆ ಕೊನೆಗೆ ಮೂಲದ ರುಚಿಯೇ ಉಳಿಯುವುದಿಲ್ಲ. 1979ರಲ್ಲಿ ಒಂದು ರಾತ್ರಿ ಗಾಯಕ ಇಲ್ಲದೆ ಹ್ಯಾರಿಸ್ ತಾವೇ ಹಾಡಿದರು ಎಂಬ ಕಥೆ ಇದೆ. ಅದು ನಡೆದದ್ದೇ. ಆದರೆ ಅದನ್ನು ಕೇಳಿದವರು ಮುಂದಿನವರಿಗೆ ಹೇಳುವಾಗ 'ಅವರು ಎಷ್ಟೋ ಶೋಗಳಲ್ಲಿ ಹಾಡುತ್ತಿದ್ದರು' ಅಂತ ಮಾಡಿಬಿಡುತ್ತಾರೆ. ಒಂದು ರಾತ್ರಿಯ ಧೈರ್ಯ ಅಭ್ಯಾಸವಾಗಿಬಿಟ್ಟರೆ ಕಥೆಯ ಜೀವವೇ ಹೋಯಿತು.

ಒಂದೇ ಶೋ ಬಗ್ಗೆ ಇಬ್ಬರು ಬೇರೆ ಬೇರೆ ಹೇಳಿದರೆ?

ಎರಡನ್ನೂ ಬರೆದಿಡುತ್ತೇವೆ. 2007ರಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದ ಗೆಳೆಯರಿಗೇ ಹಾಡುಗಳ ಸಾಲು ಒಬ್ಬೊಬ್ಬರಿಗೆ ಒಂದೊಂದು ಥರ ನೆನಪಿದೆ. ಅದು ಪತ್ರಿಕೆ ನೋಡಿ ಸರಿಪಡಿಸಬಹುದಾದ ವಿಷಯ. ಆದರೆ ಒಬ್ಬರು 'ಮೊದಲ ಸದ್ದಿಗೆ ಅತ್ತುಬಿಟ್ಟೆ' ಅಂದರೆ, ಅದನ್ನು ಯಾರು ಸರಿಪಡಿಸುತ್ತಾರೆ? ತಾರೀಕು, ಊರು, ಯಾರು ನುಡಿಸಿದರು, ಇವನ್ನು ತಾಳೆ ನೋಡುತ್ತೇವೆ. ಉಳಿದದ್ದು ಹೇಳುವವರದ್ದು.

ಡಿಯಾನೋ ಒಳ್ಳೆಯವರಾ, ಡಿಕಿನ್ಸನ್ ಒಳ್ಳೆಯವರಾ?

ಈ ಜಗಳ ಪ್ರತಿ ಕೂಟದಲ್ಲೂ ನಡೆಯುತ್ತದೆ. ನಡೆಯಲಿ.

ನನ್ನ ಮಾತು ಹೇಳುತ್ತೇನೆ. ಡಿಕಿನ್ಸನ್ ಅವರ ಕಂಠ ದೊಡ್ಡದು, ಮೈದಾನದ ಕೊನೆಯವರೆಗೆ ಮುಟ್ಟುವಂಥದ್ದು. ಡಿಯಾನೋ ಅವರದು ಒರಟು, ಬೀದಿಯ ಬಿಸಿ ಇರುವಂಥದ್ದು. ಮೊದಲ ಎರಡು ಆಲ್ಬಮ್‌ಗಳ ಹಾಡು ಪಬ್ಬಿನೊಳಗೆ ಬೆಳೆದವು. ಆ ಹಾಡುಗಳಿಗೆ ಒರಟು ಕಂಠವೇ ಸರಿ. ಡಿಯಾನೋ 2024ರ ಅಕ್ಟೋಬರ್ 21ರಂದು ತೀರಿಕೊಂಡರು. ಸುದ್ದಿ ಬಂದ ವಾರ ನಾವು ಮಾತು ಕಡಿಮೆ ಮಾಡಿ, ಅವರು ಹಾಡಿದ್ದನ್ನೇ ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಆ ಎರಡು ಆಲ್ಬಮ್‌ಗಳಲ್ಲಿ ಡ್ರಮ್ಸ್ ಬಾರಿಸಿದ ಕ್ಲೈವ್ ಬರ್ 2013ರಲ್ಲೇ ಹೋಗಿದ್ದರು. ಅವರ ಹೆಸರನ್ನು ಜನ ಅಷ್ಟಾಗಿ ಹೇಳುವುದಿಲ್ಲ, ಅದು ನನಗೆ ಬೇಸರ. ಆ ಕಾಲದ ಶೋ ಕೇಳುವಾಗ ಒಮ್ಮೆ ಗಿಟಾರು ಬಿಟ್ಟು ಬರೀ ಡ್ರಮ್ಸ್ ಮೇಲೆ ಕಿವಿ ಇಡಿ.

ಆ ಕಾಲದ ಶೋ ಈಗ ಕೇಳಲು, ನೋಡಲು ಸಿಗುತ್ತದೆಯಾ?

ಸಿಗುತ್ತದೆ. ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ 1980ರ ಡಿಸೆಂಬರ್ 21ರಂದು ಆಡಿದ ಶೋದ ಚಿತ್ರೀಕರಣ ಇದೆ. ಏಡ್ರಿಯನ್ ಸ್ಮಿತ್ ಬಂದು ಸ್ವಲ್ಪ ದಿನ ಅಷ್ಟೇ ಆಗಿತ್ತು. ಮೊದಲು ನೋಡಬೇಕಾದದ್ದು ಅದು. ಅದೇ ವರ್ಷ ಜುಲೈಯಲ್ಲಿ ಮಾರ್ಕೀ ಕ್ಲಬ್‌ನಲ್ಲಿ ಆಡಿದ್ದರ ರೆಕಾರ್ಡಿಂಗ್ ಇದೆ. 1981ರ ಮೇ ತಿಂಗಳಲ್ಲಿ ಜಪಾನಿನ ನಗೋಯಾದಲ್ಲಿ ಆಡಿದ್ದೂ ರೆಕಾರ್ಡ್ ಆಗಿ ಹೊರಬಂದಿದೆ.

ನನ್ನ ಸಲಹೆ: ಮೊದಲು ಮಾರ್ಕೀ ಕೇಳಿ, ಆಮೇಲೆ ನಗೋಯಾ ಕೇಳಿ. ಒಂದು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲಿ ಕ್ಲಬ್ಬಿನ ಬ್ಯಾಂಡು ದೇಶ ದಾಟಿ ಆಡುವ ಬ್ಯಾಂಡಾಗಿತ್ತು. 1980ರಲ್ಲಿ ಅವರು ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ಜೊತೆಗೂ ಕಿಸ್ ಜೊತೆಗೂ ಸುತ್ತಿ, ಬೇರೆಯವರ ಜನರ ಮುಂದೆ ಆಡಿದ್ದರು. ತಮ್ಮನ್ನು ನೋಡಲು ಬಾರದ ಜನರನ್ನು ಒಲಿಸಿಕೊಳ್ಳುವುದು ಸುಲಭ ಅಲ್ಲ. ಆ ಪಳಗುವಿಕೆ ನಗೋಯಾದಲ್ಲಿ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ.

ನಮ್ಮೂರಿನ ಬ್ಯಾಂಡಿನ ಕಥೆ ಹೇಳಬಹುದಾ?

ಹೇಳಲೇಬೇಕು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಎರಡು ಹಾಡು ಆಡಿದ ಹುಡುಗರು, ಗಣೇಶೋತ್ಸವದ ರಸಮಂಜರಿಯಲ್ಲಿ ನಡುವೆ ಒಂದು ರಾಕ್ ಹಾಡು ತೂರಿಸಿದ ಗಿಟಾರಿಸ್ಟ್, ಕರೆಂಟು ಹೋದಾಗ ಡ್ರಮ್ಸ್ ಒಂದರಲ್ಲೇ ಜನರನ್ನು ಹಿಡಿದಿಟ್ಟವರು, ಇವರ ಕಥೆ ಬೇರೆ ಯಾರೂ ಬರೆದಿಡುವುದಿಲ್ಲ. ನಾವಾದರೂ ಬರೆದಿಡಬೇಕು. ಒಂದೇ ಮಾತು: ಆಡಿದವರ ಒಪ್ಪಿಗೆ ಇಲ್ಲದೆ ಅವರ ಹೆಸರು ಬರೆಯುವುದಿಲ್ಲ.

ಯಾವ ಭಾಷೆಯಲ್ಲಿ ಮಾತಾಡುತ್ತೀರಿ?

ಕನ್ನಡ, ಕೊಂಕಣಿ. ಶಿರಸಿಯವರು ಜಾಸ್ತಿ ಬಂದ ದಿನ ಹವಿಗನ್ನಡ. ಯಾರಿಗಾದರೂ ಅರ್ಥವಾಗದಿದ್ದರೆ ಪಕ್ಕದವರು ಹೇಳುತ್ತಾರೆ.

ಮಕ್ಕಳನ್ನು ಕರೆತರಬಹುದಾ? ಕುಡಿತ ಇರುತ್ತದೆಯಾ?

ಕರೆತನ್ನಿ. ಕುಡಿತ ಇಲ್ಲ. ಚಹಾ, ಬನ್ಸು, ಇದ್ದರೆ ಮಿರ್ಚಿ ಭಜಿ. ಅಮ್ಮಂದಿರು, ಅಕ್ಕಂದಿರು ಯಾವ ಮುಜುಗರವೂ ಇಲ್ಲದೆ ಬಂದು ಕೂರುವಂತಿರಬೇಕು ಅನ್ನುವುದು ಮೊದಲಿನಿಂದ ನಮ್ಮ ಮಾತು.

ಮಳೆಗಾಲದಲ್ಲೂ ಕೂಟ ನಡೆಯುತ್ತದೆಯಾ?

ನಡೆಯುತ್ತದೆ, ಸೂರಿನ ಕೆಳಗೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೈತಖೋಲ್ ಕಡೆಯ ಗೆಳೆಯರು ಆಗಲೇ ಬಿಡುವಾಗಿರುತ್ತಾರೆ. ಅವರ ಸಲುವಾಗಿಯಾದರೂ ನಿಲ್ಲಿಸುವುದಿಲ್ಲ. ಆದರೆ 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಒಂದು ತೀರ್ಮಾನ ಮಾಡಿದ್ದೇವೆ. ಜೋರು ಮಳೆಯ ದಿನ ಯಾರೂ ಘಟ್ಟ ಇಳಿದು, ಹೆದ್ದಾರಿ ಹಿಡಿದು ಬರಬಾರದು. ಆ ವಾರ ಕಾರವಾರದವರು ಕಾರವಾರದಲ್ಲೇ ಸೇರುತ್ತಾರೆ, ಶಿರಸಿಯವರು ಶಿರಸಿಯಲ್ಲೇ. ಮಳೆ ಹಿಡಿದ ವಾರ ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಿಕೊಳ್ಳಿ.